ಹೊಲ ಒಬ್ಬರದು, ದಾರಿ ಊರಿನದು

1870ರ ಏಪ್ರಿಲ್ 5, ಮಂಗಳವಾರ. ವೇಲ್ಸ್‌ನ ಪೂರ್ವದ ಅಂಚಿನಲ್ಲಿರುವ ಕ್ಲೈರೋ ಎಂಬ ಹಳ್ಳಿಯಿಂದ ಇಬ್ಬರು ಗೆಳೆಯರು ನಡೆಯುತ್ತ ಹೊರಟರು. ಒಬ್ಬ ಅಲ್ಲಿನ ಚರ್ಚಿನ ಕಿರಿಯ ಪಾದ್ರಿ, 29ರ ಹರೆಯದ ಫ್ರಾನ್ಸಿಸ್ ಕಿಲ್ವರ್ಟ್. ಇನ್ನೊಬ್ಬ ಅದೇ ಊರಿನ ಸ್ಥಿತಿವಂತ, ಮಾರೆಲ್. ವೈ ನದಿಯ ದಡದ ಹೇ ಪಟ್ಟಣದ ಆಚೆ ಬ್ಲ್ಯಾಕ್ ಮೌಂಟನ್ಸ್ ಎಂಬ ಗುಡ್ಡಸಾಲು. ಆ ಸಾಲಿನ ಮಡಿಲಲ್ಲಿರುವ ಲಾಂಥನಿಯ ಪಾಳು ಮಠವನ್ನು ನೋಡಿ ಬರುವ ಹುಮ್ಮಸ್ಸು ಇಬ್ಬರಿಗೂ. ಹೋಗಿ ಬರುವ ದಾರಿ ಸುಮಾರು 40 ಕಿಲೋಮೀಟರ್. ಅಷ್ಟು ನಡೆದು ಮಠದ ಆವರಣದೊಳಗೆ ಕಾಲಿಟ್ಟರೆ ಕಂಡದ್ದೇನು? ಆಗಲೇ ಬಂದು ನಿಂತಿದ್ದ ಇಬ್ಬರು ಪ್ರವಾಸಿಗರು. ಒಬ್ಬ ಕೋಲು ಚಾಚಿ ಕಲ್ಲಿನ ಕಮಾನುಗಳನ್ನು ತೋರಿಸುತ್ತ ಪಾಂಡಿತ್ಯ ಹರಿಸುತ್ತಿದ್ದ, ಜೊತೆಗಾರ ಬಾಯಿ ತೆರೆದುಕೊಂಡು ಕೇಳುತ್ತಿದ್ದ. ಕಿಲ್ವರ್ಟನ ಪಿತ್ತ ನೆತ್ತಿಗೇರಿತು. ಅಂದಿನ ದಿನಚರಿಯಲ್ಲಿ ಆತ ಪ್ರವಾಸಿಗರ ಕುಲವನ್ನೇ, ಅದರಲ್ಲೂ ಬ್ರಿಟಿಷ್ ಪ್ರವಾಸಿಗರನ್ನು, ಪೀಡೆಪ್ರಾಣಿಗಳ ಸಾಲಿಗೆ ಸೇರಿಸಿ ಜಾಡಿಸಿದ್ದಾನೆ.

ತಾನೂ ಅದೇ ಕಮಾನುಗಳನ್ನು ನೋಡಲೆಂದೇ ಬಂದಿದ್ದೆ ಎಂಬುದು ಪಾದ್ರಿಗೆ ಹೊಳೆದಂತಿಲ್ಲ.

ಹಾಗಂತ ಅವನ ಸಿಟ್ಟನ್ನು ಬರೀ ಸಣ್ಣತನ ಎಂದು ತಳ್ಳಿಹಾಕುವಂತೆಯೂ ಇಲ್ಲ. ಕಿಲ್ವರ್ಟ್ 1865ರಿಂದ 1872ರವರೆಗೆ ಕ್ಲೈರೋದಲ್ಲಿದ್ದ. ಗುಡ್ಡದ ಮೇಲೆ, ಕೊರಕಲಿನ ಪಕ್ಕದಲ್ಲಿ, ಹೊಲದ ಮೂಲೆಯಲ್ಲಿ ಚದುರಿಕೊಂಡಿದ್ದ ಮನೆಗಳಿಗೆ ಕಾಲ್ನಡಿಗೆಯಲ್ಲೇ ಹೋಗಿ ಕಾಯಿಲೆಯವರನ್ನು ಮಾತಾಡಿಸುವುದು, ಮುದುಕರ ಬಳಿ ಕುಳಿತು ಓದಿ ಹೇಳುವುದು ಅವನ ಕೆಲಸವೇ ಆಗಿತ್ತು. ಆ ಸೀಮೆಯ ಕಾಲುದಾರಿಗಳು ಹುಟ್ಟಿದ್ದೂ ಹೀಗೆಯೇ. ಮನೆಯಿಂದ ಚರ್ಚಿಗೆ, ಕೊಟ್ಟಿಗೆಯಿಂದ ಹಿಟ್ಟಿನ ಗಿರಣಿಗೆ, ಹಳ್ಳಿಯಿಂದ ಸಂತೆಗೆ, ಮಕ್ಕಳು ಶಾಲೆಗೆ, ಹೆಣ ಮಸಣಕ್ಕೆ. ಸೊಬಗು ಸವಿಯಲೆಂದು ಯಾರೂ ಅವನ್ನು ತುಳಿದವರಲ್ಲ. ಬೇರೆ ದಾರಿ ಇರಲಿಲ್ಲ, ತುಳಿದರು. ಇಂದು ಅದೇ ಹೊಲಗಳ ನಡುವೆ ವಸಂತದ ಒಂದು ಭಾನುವಾರ ಇಬ್ಬರು ಗೆಳೆಯರು ಬುತ್ತಿ ಕಟ್ಟಿಕೊಂಡು ಆರಾಮಾಗಿ ನಡೆಯಬಲ್ಲರು ಎಂದರೆ, ಆ ಸುಖದ ಅಡಿಪಾಯ ಹಳೆಯ ದುಡಿಮೆಗಾರರ ಸವೆದ ಬೂಟುಗಳು ಮತ್ತು ಅವುಗಳ ಗುರುತನ್ನು ಕಾಗದಕ್ಕಿಳಿಸಿದ ಕಾನೂನು. ವೇಲ್ಸ್‌ನ ಪ್ರವಾಸಿ ಜಾಹೀರಾತುಗಳು ಕೋಟೆ, ಶಿಖರ, ಕಡಲತೀರಗಳನ್ನು ಮಾರುತ್ತವೆ. ಹೊಟ್ಟೆಕಿಚ್ಚು ಪಡಬೇಕಾದ ಆಸ್ತಿ ಮಾತ್ರ ಹಳ್ಳಿಯ ಹಿಂದಿನ ಈ ಅಡ್ಡದಾರಿ.

ಕ್ಲೈರೋ ಈಗ ಪೊವಿಸ್ ಜಿಲ್ಲೆಯಲ್ಲಿದೆ. ಕಿಲ್ವರ್ಟ್ ಬಾಡಿಗೆಗಿದ್ದ ಆಶ್‌ಬ್ರೂಕ್ ಮನೆ ಇನ್ನೂ ನಿಂತಿದೆ, ಎದುರಿಗೆ ಹಳೆಯ ಛತ್ರವೂ ಇದೆ. ಊರು ದಾಟಿದರೆ ಬೇಲಿಯ ಬಾಯಲ್ಲಿ ಒಂದು ಕಂಬ, ಅದರ ಮೇಲೆ ಬಾಣದ ಗುರುತು, ಎರಡು ಭಾಷೆಗಳ ಬರಹ. ವೆಲ್ಷ್‌ನಲ್ಲಿ ‘ಹ್ಲುಯ್ಬರ್ ಕಹೊಯ್ದಿಸ್’ ಎಂದಿರುತ್ತದೆ. ಸಾರ್ವಜನಿಕ ಕಾಲುದಾರಿ ಎಂದರ್ಥ. ಕಂಬದ ಪಕ್ಕದಲ್ಲಿ ಬೇಲಿ ದಾಟಲು ಮರದ ಎರಡು ಮೆಟ್ಟಿಲು. ನಮ್ಮ ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಅವರ ಬಾಯಲ್ಲಿ ಇದು ತಡಮೆ. ದನ ದಾಟಬಾರದು, ಮನುಷ್ಯ ದಾಟಬೇಕು, ಅಷ್ಟೇ ಅದರ ತತ್ವ.

ಏಪ್ರಿಲ್‌ನಲ್ಲಿ ಈ ತಡಮೆ ಹತ್ತಿ ನಿಂತವರ ಕಣ್ಣಿಗೆ ಮೊದಲು ಬೀಳುವುದು ಬ್ಲ್ಯಾಕ್‌ಥಾರ್ನ್ ಬೇಲಿ. ಎಲೆ ಚಿಗುರುವ ಮೊದಲೇ ಕಪ್ಪು ಮುಳ್ಳುಕೊಂಬೆಯ ತುಂಬ ಬಿಳಿ ಹೂ. ಹಾಥಾರ್ನ್ ಇದಕ್ಕೆ ತಿರುಗಾಮುರುಗಾ, ಮೊದಲು ಎಲೆ ತಳೆದು ಮೇ ತಿಂಗಳಲ್ಲಿ ಹೂವಾಗುತ್ತದೆ. ಬೇಲಿಯ ಬುಡದಲ್ಲಿ ಪ್ರಿಮ್‌ರೋಸ್‌ಗಳ ತಿಳಿಹಳದಿ. ತೇವವಿರುವ ಕಾಡಿನಂಚಿಗೆ ಹೋದರೆ ಮೂಗು ಮೊದಲು ಎಚ್ಚರಗೊಳ್ಳುತ್ತದೆ, ಕಾಡುಬೆಳ್ಳುಳ್ಳಿಯ ಎಲೆ ಕಾಲಡಿಯಲ್ಲಿ ಜಜ್ಜಿದರೆ ಒಗ್ಗರಣೆಯದೇ ವಾಸನೆ. ತಿಂಗಳ ಕೊನೆಗೆ ಓಕ್ ಮರಗಳ ನೆರಳು ದಟ್ಟವಾಗುವ ಮುನ್ನ ಬ್ಲೂಬೆಲ್‌ಗಳು ನೆಲಕ್ಕೆ ನೀಲಿ ಬಳಿಯುತ್ತವೆ. ಎಲೆ ಮುಚ್ಚಿದ ಮೇಲೆ ಬೆಳಕು ಸಿಗದು, ಹಾಗಾಗಿ ಅವುಗಳಿಗೆ ಅವಸರ. ಅದೇ ಹೊತ್ತಿಗೆ ಸ್ವಾಲೋ ಹಕ್ಕಿಗಳೂ ಬಂದಿಳಿಯುತ್ತವೆ. ಚಳಿಗಾಲದಲ್ಲಿ ನಮ್ಮೂರ ಕರೆಂಟು ತಂತಿಗಳ ಮೇಲೆ ಸಾಲುಗಟ್ಟುವ ಕವಲುಬಾಲದ ಹಕ್ಕಿಯೂ ಇದೇ ಜಾತಿ. ಆದರೆ ವೇಲ್ಸ್‌ನ ಕೊಟ್ಟಿಗೆಗಳಲ್ಲಿ ಗೂಡು ಕಟ್ಟುವವು ಬರುವುದು ದಕ್ಷಿಣ ಆಫ್ರಿಕಾದ ಕಡೆಯಿಂದ.

ಪ್ರಿಮ್‌ರೋಸ್‌ಗೆ ಈ ಊರಲ್ಲಿ ಇನ್ನೊಂದು ಉಪಯೋಗವಿತ್ತು. ಈಸ್ಟರ್‌ನ ಹಿಂದಿನ ದಿನ ಸಮಾಧಿಗಳನ್ನು ತೊಳೆದು ಹೂವಿನಿಂದ ಸಿಂಗರಿಸುವುದು ಇಲ್ಲಿನ ವಾಡಿಕೆ. ವೇಲ್ಸ್‌ನ ಬೇರೆ ಕಡೆ ಇದು ಒಂದು ವಾರ ಮೊದಲು, ‘ಹೂವಿನ ಭಾನುವಾರ’ದಂದು ನಡೆಯುತ್ತಿತ್ತು. 1870ರ ಏಪ್ರಿಲ್ 16ರ ರಾತ್ರಿ ಕ್ಲೈರೋದ ಮಸಣ ಹೇಗಿತ್ತು ಎಂಬುದನ್ನು ಕಿಲ್ವರ್ಟ್ ಬರೆದಿಟ್ಟ ಪುಟಗಳು ಅವನ ದಿನಚರಿಯಲ್ಲೇ ಹೆಸರುವಾಸಿ. ಲಾಂಥನಿಯಲ್ಲಿ ಬೈಗುಳ ಸುರಿಸಿದ ಅದೇ ಕೈ, ಹನ್ನೊಂದೇ ದಿನಗಳ ನಂತರ ಬೆಳದಿಂಗಳಲ್ಲಿ ಹೂ ಹೊದ್ದ ಗೋರಿಗಳ ಬಗ್ಗೆ ಬರೆಯುತ್ತದೆ. ಆ ದಿನಚರಿಯ ಗತಿಯನ್ನೂ ಹೇಳಬೇಕು. ಆತ 1879ರಲ್ಲಿ, ಮದುವೆಯಾದ ಕೆಲವೇ ವಾರಗಳಲ್ಲಿ, ಕರುಳಿನ ಕಾಯಿಲೆಯಿಂದ ತೀರಿಕೊಂಡ. ಕವಿ ವಿಲಿಯಂ ಪ್ಲೋಮರ್ ಆಯ್ದ ಭಾಗಗಳನ್ನು 1938ರಿಂದ 1940ರವರೆಗೆ ಮೂರು ಸಂಪುಟಗಳಲ್ಲಿ ತಂದ. ಅವನ ಕೈಗೆ ಸಿಕ್ಕಿದ್ದ ನೋಟುಪುಸ್ತಕಗಳು 22. ಆಮೇಲೆ ಕಿಲ್ವರ್ಟನ ಸಂಬಂಧಿಯೊಬ್ಬಾಕೆ ಬಹುಪಾಲನ್ನು ನಾಶ ಮಾಡಿದಳು. ಈಗ ಉಳಿದಿರುವುದು ಮೂರು. ಬರೆದಿಟ್ಟದ್ದೂ ಅಳಿಯಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಆ ಊರಿಗೆ ಬೇಕಿಲ್ಲ.

ಕಾಲುದಾರಿಗಳ ವಿಷಯದಲ್ಲಿ ಬ್ರಿಟಿಷರು ಈ ಅಪಾಯವನ್ನು ಬೇಗ ಅರಿತರು. ಬೇಗ ಎಂದರೆ ಅವರ ಲೆಕ್ಕದಲ್ಲಿ ಬೇಗ. 1888ರಲ್ಲಿ ಮೆರಿಯನೆತ್‌ನ ಸಂಸದ ಟಾಮ್ ಎಲಿಸ್, ರೈತನ ಮಗ, ವೇಲ್ಸ್‌ನ ಬೆಟ್ಟ, ನದಿ ಮತ್ತು ಕಾಲುದಾರಿಗಳನ್ನು ಜನರಿಗೆ ಮುಕ್ತಗೊಳಿಸುವ ಮಸೂದೆಯೊಂದನ್ನು ಮಂಡಿಸಿದ. ಅದು ಪಾಸಾಗಲಿಲ್ಲ. 1932ರ ಏಪ್ರಿಲ್ 24ರಂದು ಇಂಗ್ಲೆಂಡಿನ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಮ್ಯಾಂಚೆಸ್ಟರ್ ಕಡೆಯ ಯುವ ಕಾರ್ಮಿಕರು ಗುಂಪಾಗಿ ನುಗ್ಗಿದರು. ಜಮೀನುದಾರರ ಕಾವಲುಗಾರರ ಜೊತೆ ಕೈಕೈ ಮಿಲಾಯಿಸಿತು, ಐವರು ಜೈಲಿಗೆ ಹೋದರು. ಮಹಾಯುದ್ಧ ಮುಗಿದ ಮೇಲೆ, 1949ರಲ್ಲಿ, ರಾಷ್ಟ್ರೀಯ ಉದ್ಯಾನಗಳ ಕಾಯ್ದೆ ಬಂತು. ಅದರ ಹೊಟ್ಟೆಯೊಳಗೆ ಅಡಗಿದ್ದ ಒಂದು ಶುಷ್ಕ ವಿಧಿ ಇಡೀ ನಾಡಿನ ನಡಿಗೆಯ ಹಣೆಬರಹ ಬದಲಿಸಿತು. ಪ್ರತಿ ಜಿಲ್ಲಾಡಳಿತವೂ ತನ್ನ ಸೀಮೆಯ ಕಾಲುದಾರಿ, ಕುದುರೆದಾರಿಗಳನ್ನೆಲ್ಲ ಅಳೆದು ಒಂದು ನಿರ್ಣಾಯಕ ನಕ್ಷೆ ತಯಾರಿಸಬೇಕು. ಆ ನಕ್ಷೆಯಲ್ಲಿ ಗೆರೆ ಇದ್ದರೆ ಅಲ್ಲಿ ದಾರಿ ಇದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೊಲ ಮಾರಾಟವಾಗಲಿ, ಮಗನಿಗೆ ಹೋಗಲಿ, ದಾರಿ ಅಳಿಯುವುದಿಲ್ಲ. ಗೆರೆ ಹೊಲದ ನಟ್ಟನಡುವೆ ಹಾದಿದ್ದರೂ ಸರಿ. ರೈತ ಅದನ್ನು ಉಳಬಹುದು, ಆದರೆ ಬಿತ್ತನೆಗಾಗಿ ಮೊದಲ ಬಾರಿ ಉತ್ತ 14 ದಿನಗಳೊಳಗೆ ಮತ್ತೆ ನಡೆಯುವಂತೆ ಸಮ ಮಾಡಿಕೊಡಬೇಕು. ಯಾರ ಅಡ್ಡಿಯೂ ಇಲ್ಲದೆ, ಯಾರ ಅನುಮತಿಯನ್ನೂ ಕೇಳದೆ ಜನ 20 ವರ್ಷ ಬಳಸಿದ ಹೊಸ ಜಾಡು ಕೂಡ ಸಾರ್ವಜನಿಕವಾದೀತು, ಮಾಲೀಕ ತನಗೆ ಆ ಉದ್ದೇಶವಿರಲಿಲ್ಲ ಎಂದು ತೋರಿಸದಿದ್ದರೆ. ಕಾಲುಗಳೇ ಅರ್ಜಿ ಬರೆಯುವ ಕಾನೂನು ಇದು. 2000ದ ಇನ್ನೊಂದು ಕಾಯ್ದೆ ಗುಡ್ಡ, ಬಯಲು, ಗೋಮಾಳದಂಥ ನೆಲವನ್ನು ದಾರಿಯ ಹಂಗಿಲ್ಲದೆ ಸುತ್ತಾಡಲು ತೆರೆಯಿತು. ವೇಲ್ಸ್‌ನಲ್ಲಿ ಅದು 2005ರಲ್ಲಿ ಜಾರಿಯಾಯಿತು, ನಾಡಿನ ಸುಮಾರು ಐದನೇ ಒಂದು ಭಾಗ ಅದರ ವ್ಯಾಪ್ತಿಗೆ ಬಂತು.

ಹೀಗಾಗಿ ಅಲ್ಲಿ ನಡೆಯಲು ಹೊರಟವರ ಚೀಲದಲ್ಲಿ ನೀರಿನ ಬಾಟಲಿಯಷ್ಟೇ ಖಾಯಂ ಆಗಿ ಆರ್ಡ್‌ನೆನ್ಸ್ ಸರ್ವೆ ಎಂಬ ಸರ್ಕಾರಿ ಸಂಸ್ಥೆಯ ನಕ್ಷೆಯೂ ಇರುತ್ತದೆ. ಒಂದು ಕಿಲೋಮೀಟರನ್ನು ನಾಲ್ಕು ಸೆಂಟಿಮೀಟರಾಗಿ ತೋರಿಸುವ, ಪ್ರತಿ ಬೇಲಿಯನ್ನೂ ಬರೆದಿರುವ ಹಾಳೆ ಅದು. ಕಾಲುದಾರಿಗೆ ಹಸಿರು ತುಂಡುಗೆರೆ. ನಕ್ಷೆಯ ಮಾತು ಬಂದಾಗ ಕನ್ನಡಿಗರು ಒಂದು ನಂಟನ್ನು ನೆನೆಯಬಹುದು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಅಳೆಯಲೆಂದು ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆ ಎಳೆದ. ಅವನ ಸಹಾಯಕನಾಗಿ ಸೇರಿ 1823ರಲ್ಲಿ ಅವನ ಸ್ಥಾನಕ್ಕೇ ಬಂದವನು ಜಾರ್ಜ್ ಎವರೆಸ್ಟ್. ಆ ಎವರೆಸ್ಟ್ ಕುಟುಂಬದ ಗ್ವರ್ನ್‌ವೇಲ್ ಎಸ್ಟೇಟ್ ಇದ್ದದ್ದು ಇದೇ ಬ್ಲ್ಯಾಕ್ ಮೌಂಟನ್ಸ್‌ನ ದಕ್ಷಿಣದ ತಪ್ಪಲಿನಲ್ಲಿ. ಅಂಥ ಅಳತೆಗಾರರ ಪರಂಪರೆಯಿಂದಲೇ ಬಂದ ನಮ್ಮ ಗ್ರಾಮ ನಕಾಶೆಗಳಲ್ಲೂ ಬಂಡಿದಾರಿ, ಕಾಲುದಾರಿಯ ಗೆರೆಗಳಿವೆ. ‘ನಕಾಶೆ ಕಂಡ ದಾರಿ’ ಎಂಬ ಮಾತು ತಾಲ್ಲೂಕು ಕಚೇರಿಯ ಪಡಸಾಲೆಯಲ್ಲಿ ಇಂದಿಗೂ ಕೇಳಿಬರುತ್ತದೆ, ಹೆಚ್ಚಾಗಿ ಒತ್ತುವರಿಯ ಜಗಳದಲ್ಲಿ. ಗೆರೆ ಅಲ್ಲೂ ಇದೆ, ಇಲ್ಲೂ ಇದೆ. ಅಲ್ಲಿ ಅದನ್ನು ಕೈಯಲ್ಲಿ ಹಿಡಿದು, ಯಾವ ಜಗಳವೂ ಇಲ್ಲದ ಹೊತ್ತಿನಲ್ಲೂ ನಡೆದು ನೋಡುವವರಿದ್ದಾರೆ.

ಇಷ್ಟು ಹೊಗಳಿದ ಮೇಲೆ ಬೇಲಿಯ ಆಚೆ ನಿಂತವನ ಮಾತನ್ನೂ ಕೇಳಬೇಕು. ವೇಲ್ಸ್‌ನ ಜನಸಂಖ್ಯೆ ಸುಮಾರು 31 ಲಕ್ಷ, ಕುರಿಗಳು ಸುಮಾರು 90 ಲಕ್ಷ. ವಸಂತ ಎಂದರೆ ಕುರಿಗಾರನಿಗೆ ನಿದ್ದೆಗೆಡುವ ಕಾಲ, ಮರಿ ಹಾಕಿಸುವ ಕಾಲ. ನಡುರಾತ್ರಿ ಟಾರ್ಚು ಹಿಡಿದು ಹೊಲಕ್ಕೆ ಓಡಿ, ಅಡ್ಡ ಸಿಕ್ಕಿಕೊಂಡ ಮರಿಯನ್ನು ಕೈಯಿಂದ ಎಳೆದು, ತಾಯಿ ಮೂಸದಿದ್ದರೆ ಬಾಟಲಿ ಹಾಲು ಕುಡಿಸಿ ಬೆಳಗು ಮಾಡಿದವನ ಮುಂದೆ ಪೇಟೆಯಿಂದ ಬಂದವರೊಬ್ಬರು ನಾಯಿಯ ಹಗ್ಗ ಬಿಚ್ಚಿ ‘ನಮ್ಮದು ಏನೂ ಮಾಡಲ್ಲ’ ಎನ್ನುತ್ತಾರೆ. ನಾಯಿ ಕಚ್ಚಬೇಕಾಗಿಲ್ಲ, ಅಟ್ಟಿಸಿಕೊಂಡು ಹೋದರೆ ಸಾಕು, ಗಬ್ಬದ ಕುರಿ ಮರಿ ಕಳೆದುಕೊಳ್ಳುತ್ತದೆ. ಮುಕ್ತ ನೆಲದಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಯನ್ನು ಎರಡು ಮೀಟರಿಗಿಂತ ಉದ್ದವಿಲ್ಲದ ಹಗ್ಗದಲ್ಲಿ ಕಟ್ಟಿರಬೇಕು ಎಂಬ ನಿಯಮ ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳಿಗಾಗಿ, ಜಾನುವಾರುಗಳ ಹತ್ತಿರವಂತೂ ವರ್ಷವಿಡೀ ಅದೇ ನಿಯಮ. ಕುರಿ ಕಾಡುವ ನಾಯಿಗೆ ಬೇರೆ ದಾರಿಯಿಲ್ಲದಾಗ ರೈತ ಗುಂಡು ಹೊಡೆದರೂ ಕಾನೂನು ಅವನ ಬೆನ್ನಿಗೆ ನಿಲ್ಲುತ್ತದೆ.

ಹೋರಿಯ ನಿಯಮವಂತೂ ಓದಿದವರಿಗೆ ನಗು ತರಿಸುತ್ತದೆ. ಕಾಲುದಾರಿ ಹಾದ ಹೊಲದಲ್ಲಿ ಹತ್ತು ತಿಂಗಳು ಮೀರಿದ ಹೈನು ತಳಿಯ ಹೋರಿ ಬಿಡುವಂತಿಲ್ಲ. ಮಾಂಸದ ತಳಿಯದಾದರೆ ಬಿಡಬಹುದು, ಜೊತೆಗೆ ಹಸು, ಕಡಸುಗಳಿರಬೇಕು. ಎದುರಿಗೆ ಬರುತ್ತಿರುವ ಹೋರಿಯ ತಳಿ ಯಾವುದು ಎಂದು ಓಡುವವನು ಹೇಗೆ ಗುರುತು ಹಿಡಿಯಬೇಕೋ ಶಾಸಕರೇ ಬಲ್ಲರು.

ದಾರಿ ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಈ ಸೀಮೆ ಒಂದು ವಸಂತದಲ್ಲಿ ಕಂಡಿದೆ. 2001ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ಜ್ವರ ಕಾಣಿಸಿಕೊಂಡಿತು. ಬೂಟಿಗಂಟಿದ ಕೆಸರಿನಿಂದಲೂ ರೋಗ ಹಬ್ಬಬಹುದೆಂಬ ಭಯಕ್ಕೆ ಊರೂರಿನ ತಡಮೆಗಳಿಗೆ ಅಡ್ಡಪಟ್ಟಿ ಬಿತ್ತು. 60 ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಂದರು. ಪೊವಿಸ್ ಕೆಟ್ಟದಾಗಿ ನರಳಿದ ಸೀಮೆಗಳಲ್ಲೊಂದು. ಆ ವರ್ಷ ಬ್ಲೂಬೆಲ್ ಅರಳಿದ್ದನ್ನು ನೋಡಲು ಹೋದವರಿಲ್ಲ. ಆಗಲೇ ಇನ್ನೊಂದು ಸತ್ಯವೂ ಬಯಲಾಯಿತು. ನಡೆಯುವವರು ಬಾರದಿದ್ದರೆ ಹಳ್ಳಿಯ ಅಂಗಡಿ, ಪಬ್ಬು, ಕೋಣೆ ಬಾಡಿಗೆಗೆ ಕೊಡುವ ಮನೆ ಎಲ್ಲವೂ ಬಣಗುಟ್ಟುತ್ತವೆ. ದಾರಿಹೋಕನನ್ನು ಕಾಟವೆಂದೇ ಎಣಿಸಿದ್ದ ಊರುಗಳು ಅವನಿಗಾಗಿ ಕಾದವು. ರೈತನ ಸಂಕಟ ಈಗಲೂ ಮುಗಿದಿಲ್ಲ. 2024ರ ಮಾರ್ಚ್‌ನಲ್ಲಿ ಕಾರ್ಡಿಫ್‌ನ ಶಾಸನಸಭೆಯ ಮೆಟ್ಟಿಲುಗಳ ಮೇಲೆ ರೈತರು 5,500 ಜೊತೆ ಗಂಬೂಟುಗಳನ್ನು ಸಾಲಾಗಿ ಇಟ್ಟು ಪ್ರತಿಭಟಿಸಿದರು. ಹೊಸ ಸಬ್ಸಿಡಿ ಯೋಜನೆಯಿಂದ ಅಷ್ಟು ಜನರ ಕೆಲಸ ಹೋದೀತು ಎಂಬ ಅಂದಾಜಿನ ಗುರುತು ಅದು. ಪ್ರತಿ ರೈತನ ಜಮೀನಿನ ಹತ್ತನೇ ಒಂದು ಭಾಗ ಮರಗಳಿಗೆ ಬಿಡಬೇಕೆಂಬ ಷರತ್ತನ್ನು ಸರ್ಕಾರ ಕೊನೆಗೆ ಕೈಬಿಟ್ಟಿತು.

ಹಾಗಾದರೆ ಕಾಲುದಾರಿಗಳನ್ನು ನೋಡಿಕೊಳ್ಳುವವರು ಯಾರು? ಇಲ್ಲೇ ಲೆಕ್ಕ ತಪ್ಪುವುದು. ವೇಲ್ಸ್‌ನಲ್ಲಿ ಸುಮಾರು 33,000 ಕಿಲೋಮೀಟರ್ ಸಾರ್ವಜನಿಕ ದಾರಿಗಳಿವೆ. ಪೊವಿಸ್ ಒಂದರಲ್ಲೇ 9,000 ಕಿಲೋಮೀಟರಿಗೂ ಹೆಚ್ಚು. ಅಲ್ಲಿನ ಜನಸಂಖ್ಯೆಯೋ 1.33 ಲಕ್ಷ. ನಮ್ಮ ಒಂದು ಮಧ್ಯಮ ಪಟ್ಟಣದಷ್ಟು ಜನರ ಜಿಲ್ಲಾಡಳಿತ ಕನ್ಯಾಕುಮಾರಿಯಿಂದ ಕಾಶ್ಮೀರಕ್ಕೆ ಒಂದು ಸಲ ಹೋಗಿ ಬಂದರೂ ಮುಗಿಯದಷ್ಟು ಉದ್ದದ ಕಾಲುದಾರಿಯ ಮುಳ್ಳು ಸವರಬೇಕು, ಕಾಲುಸಂಕ ರಿಪೇರಿ ಮಾಡಬೇಕು. ತಡಮೆ ಮತ್ತು ಗೇಟು ಸರಿಯಾಗಿಡುವ ಹೊಣೆ ಜಮೀನಿನವನದು, ಖರ್ಚಿನ ಕಾಲುಭಾಗವನ್ನಾದರೂ ಆಡಳಿತ ಕೊಡಬೇಕು. ಕಾಗದದಲ್ಲಿ ಅಚ್ಚುಕಟ್ಟು. ನೆಲದ ಮೇಲೆ ಗೇಟಿಗೆ ಬೀಗ, ತಡಮೆಗೆ ಮುಳ್ಳುತಂತಿ, ಕಂಬ ಇರಬೇಕಾದಲ್ಲಿ ತುರಿಕೆಸೊಪ್ಪಿನ ಪೊದೆ ಸಿಗುವುದು ಅಪರೂಪವಲ್ಲ.

ಹಣ ಮತ್ತು ಗಮನ ಹೋಗುವುದು ಶಿಖರಗಳ ಕಡೆಗೆ. 1,085 ಮೀಟರ್ ಎತ್ತರದ ಸ್ನೋಡನ್, ಅಂದರೆ ಅಲ್ಲಿನವರ ಉರ್ ವಿದ್ವ, ರಜೆಯ ದಿನಗಳಲ್ಲಿ ತುದಿಯ ಬಳಿ ಸರದಿ ನಿಲ್ಲುವಷ್ಟು ತುಂಬಿ ತುಳುಕುತ್ತದೆ. 2012ರ ಮೇ ತಿಂಗಳಲ್ಲಿ ಉದ್ಘಾಟನೆಯಾದ 1,400 ಕಿಲೋಮೀಟರ್ ಕರಾವಳಿ ದಾರಿ ನಿಜಕ್ಕೂ ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಶಿಖರವನ್ನು ಯಾರೂ ಒತ್ತುವರಿ ಮಾಡಲಾರರು, ಕಡಲನ್ನು ಯಾರೂ ಉಳಲಾರರು. ಕಳೆದುಹೋಗುವುದು ಹಿತ್ತಲಿನ ಪಕ್ಕದ ಕಾಲುಮೈಲಿ ದಾರಿ, ಎರಡು ವರ್ಷ ಯಾರೂ ತುಳಿಯದಿದ್ದರೆ ಸಾಕು. ಉತ್ಸವಕ್ಕೆ, ಫಲಕಕ್ಕೆ, ಹೊಸ ಹೆಸರಿನ ದೂರದಾರಿಗಳಿಗೆ ಸುರಿಯುವ ದುಡ್ಡಿನಲ್ಲಿ ಒಂದಿಷ್ಟನ್ನು ಈ ಕಾಲುಮೈಲಿಗಳಿಗೆ ತಿರುಗಿಸುವುದು ಹೆಚ್ಚು ಜಾಣತನ.

ನಡಿಗೆ ಕಣ್ಣು ತೆರೆಸುವುದಕ್ಕೆ ವೈ ನದಿಯೇ ಉದಾಹರಣೆ. ಹೇ ಸೇತುವೆಯ ಮೇಲೆ ಕಾರಿನಲ್ಲಿ ದಾಟುವವರಿಗೆ ಅದು ಪೋಸ್ಟ್‌ಕಾರ್ಡು. ದಡದ ದಾರಿಯಲ್ಲಿ ವರ್ಷವರ್ಷ ನಡೆದವರಿಗೆ ಮಾತ್ರ ನೀರಿನ ಬಣ್ಣ ತಿರುಗುತ್ತಿರುವುದು ಕಂಡಿತು. ನದಿಯ ಜಲಾನಯನದಲ್ಲಿ ಈಗ ಸುಮಾರು 2 ಕೋಟಿ ಕೋಳಿಗಳು ಶೆಡ್ಡುಗಳಲ್ಲಿ ಬೆಳೆಯುತ್ತಿವೆ. ಅವುಗಳ ಗೊಬ್ಬರದ ರಂಜಕ ಮಳೆಯೊಂದಿಗೆ ನದಿ ಸೇರಿ ಪಾಚಿ ಕಟ್ಟಿಸುತ್ತದೆ. ಬೇಸಿಗೆಯಲ್ಲಿ ಬಿಳಿ ಹೂವಿನ ಚಾಪೆ ಹಾಸುತ್ತಿದ್ದ ನೀರುಗಿಡಗಳು ಬಹುಪಾಲು ಮಾಯವಾಗಿವೆ. 2023ರಲ್ಲಿ ಇಂಗ್ಲೆಂಡಿನ ನಿಸರ್ಗ ಸಂರಕ್ಷಣಾ ಸಂಸ್ಥೆ ನದಿಯ ಸ್ಥಿತಿಯನ್ನು ‘ಕೆಡುತ್ತಿದೆ’ ಎಂಬ ದರ್ಜೆಗೆ ಇಳಿಸಿತು. ಅದಕ್ಕೂ ಮೊದಲೇ ದಡದಲ್ಲಿ ನಡೆಯುವವರು, ಗಾಳ ಹಾಕುವವರು ಬಾಟಲಿಗಳಲ್ಲಿ ನೀರು ತುಂಬಿ ತಾವೇ ಪರೀಕ್ಷೆ ಶುರು ಮಾಡಿದ್ದರು. ಕೋಲಿನ ತುದಿಯಿಂದ ತೋರಿಸುವ ಪ್ರವಾಸಿಗೂ ಇವರಿಗೂ ಇರುವ ದೂರ ಇಷ್ಟೇ. ಇವರು ಮತ್ತೆ ಅದೇ ಜಾಗಕ್ಕೆ ಬರುತ್ತಾರೆ.

ಹೇಯಿಂದ ದಕ್ಷಿಣಕ್ಕೆ ಗುಡ್ಡ ಏರಿದರೆ 549 ಮೀಟರ್ ಎತ್ತರದಲ್ಲಿ ಗಾಸ್ಪೆಲ್ ಪಾಸ್ ಎಂಬ ಕಣಿವೆಬಾಯಿ. ವೆಲ್ಷ್‌ನಲ್ಲಿ ಬುಲ್ಖ್ ಉರ್ ಎವೆಂಗಿಲ್. ‘ಬುಲ್ಖ್’ ಎಂದರೆ ಘಾಟಿ. ಅಲ್ಲಿಂದ ಕೆಳಗಿಳಿದರೆ ಕಾಪೆಲ್-ಉ-ಫಿನ್, ಗಡಿಯ ಗುಡಿ. 1762ರ ಆ ಪುಟಾಣಿ ಚರ್ಚನ್ನು ಸುತ್ತಲಿನ ಯೂ ಮರಗಳ ನಡುವೆ ಕುಳಿತ ಗೂಬೆಗೆ ಹೋಲಿಸಿ ಕಿಲ್ವರ್ಟ್ ಬರೆದದ್ದೂ ಅದೇ ಏಪ್ರಿಲ್ 5ರಂದು. ಮುಂದೆ ಹೊನ್ದಿ ಹೊಳೆಯ ಜೊತೆಜೊತೆಗೆ ಲಾಂಥನಿ. ‘ಹೊನ್ದಿ ಕಣಿವೆಯ ಡೇವಿಡ್ ಸಂತನ ಚರ್ಚು’ ಎಂಬ ಉದ್ದನೆಯ ವೆಲ್ಷ್ ಹೆಸರು ಇಂಗ್ಲಿಷರ ಬಾಯಲ್ಲಿ ಸವೆದು ಸವೆದು ಇಷ್ಟಾಗಿದೆ. ಈಗ ಗಾಳಿ ತಿರುಗಿದೆ, ಲಾಂಥನಿಯನ್ನು ಒಳಗೊಂಡ ಬ್ರೆಕನ್ ಬೀಕನ್ಸ್ ಉದ್ಯಾನ 2023ರ ಏಪ್ರಿಲ್‌ನಿಂದ ಬನ್ನೈ ಬ್ರಖೈನ್ಯೋಗ್ ಎಂಬ ತನ್ನ ವೆಲ್ಷ್ ಹೆಸರನ್ನೇ ಬಳಸುತ್ತಿದೆ. ಕವಿ ವಾಲ್ಟರ್ ಸ್ಯಾವೇಜ್ ಲ್ಯಾಂಡರ್ 19ನೇ ಶತಮಾನದ ಆರಂಭದಲ್ಲಿ ಈ ಮಠವನ್ನೂ ಸುತ್ತಲಿನ ನೆಲವನ್ನೂ ಕೊಂಡ. ಮರ ನೆಡಿಸಿದ, ಒಕ್ಕಲುಗಳೊಂದಿಗೆ ಜಗಳವಾಡಿದ, ಸಾಲದಲ್ಲಿ ಮುಳುಗಿ 1814ರಲ್ಲಿ ದೇಶವನ್ನೇ ಬಿಟ್ಟ. ಮಾಲೀಕರು ಹೀಗೆ ಬಂದು ಹೋದರು. ಹೊಳೆಯ ಪಕ್ಕದ ದಾರಿ ಅಲ್ಲೇ ಇದೆ.

ಮಠದ ಕಮಾನುಗಳ ಪಕ್ಕದ ಹಳೆಯ ಕಟ್ಟಡ ಈಗ ವಸತಿಗೃಹ, ಅದರ ನೆಲಮಾಳಿಗೆಯ ಕಲ್ಲಿನ ಕಮಾನಿನಡಿ ಒಂದು ಪುಟ್ಟ ಬಾರು. ವಸಂತದ ಮಧ್ಯಾಹ್ನ ಅಲ್ಲಿ ಕೆಸರು ಬೂಟಿನವರ ಮಾತಿನ ವಿಷಯ ಗೋಥಿಕ್ ವಾಸ್ತುಶಿಲ್ಪವಾಗಿರುವುದು ಅಪರೂಪ. ಮೇಜಿನ ಮೇಲೆ ನಕ್ಷೆ ಹರಡಿರುತ್ತದೆ, ಅದರ ಮೇಲೆ ಗ್ಲಾಸಿನ ಒದ್ದೆ ವೃತ್ತ. ಮುರಿದ ತಡಮೆ ಕಂಡದ್ದು ಎರಡನೇ ಬೇಲಿಯಲ್ಲೋ ಮೂರನೆಯದರಲ್ಲೋ ಎಂದು ಗೆಳೆಯರಿಬ್ಬರು ವಾದಿಸುತ್ತಾರೆ. ಚೌಕದ ಅಂಕಿ ಎಣಿಸಿ, ಜಿಲ್ಲಾಡಳಿತದ ದಾರಿ ವಿಭಾಗಕ್ಕೆ ಕಳಿಸಲೆಂದು ಒಬ್ಬರು ಅದನ್ನು ನಕ್ಷೆಯ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಾರೆ: ಕೆಳಗಿನ ಮೆಟ್ಟಿಲು ಇಲ್ಲ, ಕಂಬ ವಾಲಿದೆ.